ಕಾವ್ಯದ ದಾರಿ ತೋರಿಸಿದ ಅರಮನೆ: ಅಮೋಘವರ್ಷ ನೃಪತುಂಗನ ಜೀವನ



ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ಭಾಗದ ನಮ್ಮ ಮನೆಗಳಲ್ಲಿ ಪಿಯುಸಿ ಓದುವ ಮಕ್ಕಳು ಉಪಮೆ, ರೂಪಕ, ಪ್ರಾಸ, ಯತಿ ಎಂಬ ಶಬ್ದ ಕಂಡೊಡನೆ ಬಾಯಿಪಾಠಕ್ಕೆ ತೊಡಗುತ್ತಾರೆ. ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ನಾನೂ ಹಾಗೆಯೇ ಪಿಯುಸಿ ಮುಗಿಸಿ ಅಂಗಡಿಯ ಗಲ್ಲಾದ ಮೇಲೆ ಕುಳಿತವನು. ಈ ವಿಷಯವನ್ನು ಕನ್ನಡದಲ್ಲಿ ತಿಳಿಸಿದ, ನಮಗೆ ದೊರೆತಿರುವ ಅತಿ ಹಳೆಯ ಗ್ರಂಥ ಒಬ್ಬ ಜಿನಭಕ್ತ ದೊರೆಯ ಆಸ್ಥಾನದಲ್ಲಿ ಹುಟ್ಟಿತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆ ದೊರೆಯೇ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗ.

ಕ್ರಿ.ಶ. 814ರಲ್ಲಿ ತಂದೆ ಮೂರನೆಯ ಗೋವಿಂದನು ತೀರಿಕೊಂಡಾಗ ನೃಪತುಂಗನು ಇನ್ನೂ ಬಾಲಕ. ಸಾಮಂತರು ದಂಗೆ ಎದ್ದು ಅವನು ಸಿಂಹಾಸನವನ್ನೇ ಕಳೆದುಕೊಳ್ಳಬೇಕಾಯಿತು. ಗುಜರಾತ ಶಾಖೆಯ ದಾಯಾದಿ ಕರ್ಕನು ನೆರವಿಗೆ ನಿಂತು 821ರ ವೇಳೆಗೆ ರಾಜ್ಯವನ್ನು ಮರಳಿ ಕೊಡಿಸಿದನು. ಅಲ್ಲಿಂದ ಮುಂದೆ ಸುಮಾರು 878ರವರೆಗೆ ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಅವನು ಆಳಿದನು. ಗಂಗರೊಡನೆ ಬಹುಕಾಲ ನಡೆದ ವೈರವನ್ನು ಕೊನೆಗೆ ಮಗಳು ಚಂದ್ರೋಬಲಬ್ಬೆಯನ್ನು ಗಂಗರ ಬೂತುಗನಿಗೆ ಕೊಟ್ಟು ಬೀಗತನದಿಂದ ಮುಗಿಸಿದನು. 851ರ ಅರಬ್ ವ್ಯಾಪಾರಿ ಸುಲೇಮಾನನ ಹೆಸರಿನ ವೃತ್ತಾಂತವು ರಾಷ್ಟ್ರಕೂಟ ದೊರೆಯನ್ನು ಲೋಕದ ನಾಲ್ವರು ದೊಡ್ಡ ಅರಸರಲ್ಲಿ ಒಬ್ಬನೆಂದು ಎಣಿಸಿದೆ.

ನಮ್ಮ ಸೀಮೆಗೂ ಅವನಿಗೂ ನೇರ ನಂಟಿದೆ. ಅವನ ನೆಚ್ಚಿನ ದಂಡನಾಯಕ ಬಂಕೆಯನು ಬನವಾಸಿ ನಾಡನ್ನು ಆಳಿದವನು. ಶಿಗ್ಗಾಂವ ತಾಲೂಕಿನ ಬಂಕಾಪುರಕ್ಕೆ ಹೆಸರು ಬಂದದ್ದು ಅವನಿಂದಲೇ. ಬಂಕೆಯನು ಕೊಳನೂರಿನಲ್ಲಿ, ಇಂದಿನ ಕೊಣ್ಣೂರಿನಲ್ಲಿ, ಜಿನಾಲಯ ಕಟ್ಟಿಸಿದಾಗ ಚಕ್ರವರ್ತಿಯು 860ರಲ್ಲಿ ಅದಕ್ಕೆ ದತ್ತಿ ಬಿಟ್ಟನೆಂದು ಅಲ್ಲಿಯ ಶಾಸನ ಹೇಳುತ್ತದೆ.

ಆದಿಪುರಾಣದ ಜಿನಸೇನಾಚಾರ್ಯರು ಈ ಚಕ್ರವರ್ತಿಯ ಗುರುಗಳು. ಗಣಿತಸಾರಸಂಗ್ರಹದ ಮಹಾವೀರಾಚಾರ್ಯರು, ವ್ಯಾಕರಣಕಾರ ಶಾಕಟಾಯನರು ಅವನ ಕಾಲದವರು. ಲೆಕ್ಕ, ವ್ಯಾಕರಣ, ಪುರಾಣ ಎಲ್ಲವೂ ಬೆಳೆದ ಆ ಆಸ್ಥಾನದಲ್ಲಿಯೇ ಸುಮಾರು 850ರಲ್ಲಿ ಕವಿರಾಜಮಾರ್ಗ ಸಿದ್ಧವಾಯಿತು. ಮೊದಲು ಅದನ್ನು ದೊರೆಯೇ ಬರೆದನೆಂದು ತಿಳಿದಿದ್ದರು. ಗ್ರಂಥದೊಳಗೆ ಅದು ನೃಪತುಂಗನ ಅನುಮತ ಪಡೆದದ್ದೆಂದು ಇರುವುದರಿಂದ, ಬರೆದವನು ಆಸ್ಥಾನದ ಶ್ರೀವಿಜಯ ಎಂಬುದು ಇಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮಕ್ಕಳು ಇದನ್ನು ಗೊಂದಲವಿಲ್ಲದೆ ನೆನಪಿಡಬೇಕು: ಬರೆದವನು ಶ್ರೀವಿಜಯ, ಆಶ್ರಯ ಕೊಟ್ಟು ಒಪ್ಪಿದವನು ನೃಪತುಂಗ.

ಗ್ರಂಥದಲ್ಲಿ ಮೂರು ಪರಿಚ್ಛೇದಗಳಿವೆ. ಮೊದಲನೆಯದರಲ್ಲಿ ಕಾವ್ಯದ ದೋಷಗಳು. ಸಂಸ್ಕೃತ ಶಬ್ದವನ್ನೂ ಕನ್ನಡ ಶಬ್ದವನ್ನೂ ತಿಳಿಯದೆ ಸಮಾಸ ಮಾಡುವುದು ಕಾಯುವ ಹಾಲಿಗೆ ಮಜ್ಜಿಗೆ ಹನಿ ಹಾಕಿದಂತೆ ಎಂದು ಅಲ್ಲಿ ತಿಳಿಹೇಳಿದೆ. ಇದನ್ನೇ ನಾವು ಅರಿಸಮಾಸ ಎನ್ನುತ್ತೇವೆ. ಯಾವ ತಾಯಿಗೂ ತಕ್ಷಣ ತಿಳಿಯುವ ಹೋಲಿಕೆ ಇದು. ಎರಡನೆಯದರಲ್ಲಿ ಶಬ್ದಾಲಂಕಾರ, ಅಂದರೆ ಕಿವಿಗೆ ಸಿಗುವ ಚೆಲುವು. ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬಂದರೆ ಅದು ಆದಿಪ್ರಾಸ. ಕನ್ನಡಕ್ಕೆ ಪ್ರಾಸವೇ ವಿಶೇಷ ಎಂಬುದು ಗ್ರಂಥದ ನಿಲುವು. ಯತಿ ಎಂದರೆ ಓದುವಾಗ ಉಸಿರಿಗೆ ನಿಲ್ಲುವ ಜಾಗ. ಮೂರನೆಯದರಲ್ಲಿ ಅರ್ಥಾಲಂಕಾರ, ಅಂದರೆ ಅರ್ಥದ ಚೆಲುವು. ಮಗುವಿನ ನಗೆ ಮಲ್ಲಿಗೆಯಂತೆ ಬೆಳ್ಳಗಿದೆ ಎಂದರೆ ಉಪಮೆ. ಇಲ್ಲಿ ನಗೆ ಉಪಮೇಯ, ಮಲ್ಲಿಗೆ ಉಪಮಾನ, ಬೆಳ್ಳಗಿರುವುದು ಸಮಾನಧರ್ಮ, ಅಂತೆ ಎಂಬುದು ಉಪಮಾವಾಚಕ. ನಗೆಯೇ ಮಲ್ಲಿಗೆ ಎಂದುಬಿಟ್ಟರೆ ಅದು ರೂಪಕ. ವ್ಯತ್ಯಾಸ ಇಷ್ಟೇ.

ಸಂಸ್ಕೃತದ ದಂಡಿಯ ಕಾವ್ಯಾದರ್ಶ ಇದಕ್ಕೆ ಆಧಾರ. ಆದರೂ ಗ್ರಂಥಕಾರನು ಕಣ್ಣುಮುಚ್ಚಿ ನಕಲು ಮಾಡಲಿಲ್ಲ. ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡನ್ನು ಹೆಸರಿಸಿದನು. ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಿನ ನುಡಿಯೇ ಕನ್ನಡದ ತಿರುಳು ಎಂದನು. ಆ ಪುಲಿಗೆರೆಯೇ ಸವಣೂರಿನ ನೆರೆಯ ಲಕ್ಷ್ಮೇಶ್ವರ. ಓದು ಕಲಿಯದ ಜನರೂ ಇಲ್ಲಿ ಕಾವ್ಯ ಬಲ್ಲವರು ಎಂದು ಹೊಗಳಿದನು. ನಮ್ಮ ಹಿರಿಯರ ಬಗ್ಗೆ ಬರೆದ ಮಾತದು.

ಪ್ರಜೆಗಳಿಗೆ ಬಂದ ಆಪತ್ತು ನಿವಾರಣೆಯಾಗಲೆಂದು ನೃಪತುಂಗನು ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ ತಾಮ್ರಪಟ ಹೇಳುತ್ತದೆ. ಜಿನಭಕ್ತನಾಗಿದ್ದರೂ ಪ್ರಜೆಗಳ ದೇವರನ್ನು ಅವನು ದೂರ ಮಾಡಲಿಲ್ಲ. ಅವನ ಹೆಸರಿನಲ್ಲಿರುವ ಪ್ರಶ್ನೋತ್ತರ ರತ್ನಮಾಲಿಕೆಯು, ಅವನು ವಿವೇಕದಿಂದ ರಾಜ್ಯವನ್ನು ತ್ಯಜಿಸಿದನೆಂದು ತಿಳಿಸುತ್ತದೆ. ಬಾಲ್ಯದಲ್ಲಿ ಕಸಿದುಕೊಂಡ ಸಿಂಹಾಸನವನ್ನು ಮುಪ್ಪಿನಲ್ಲಿ ತಾನಾಗಿಯೇ ಬಿಟ್ಟವನು ಅವನು.

ಗುರುಗಳು ಅಪೂರ್ಣವಾಗಿ ಬಿಟ್ಟಿದ್ದ ಮಹಾಪುರಾಣವನ್ನು ಶಿಷ್ಯ ಗುಣಭದ್ರಾಚಾರ್ಯರು ಪೂರ್ಣಗೊಳಿಸಿದರು. ಅವರ ಉತ್ತರಪುರಾಣಕ್ಕೆ 898ರಲ್ಲಿ ಪೂಜೆ ಸಂದದ್ದು ನಮ್ಮ ಬಂಕಾಪುರದಲ್ಲಿ, ಬಂಕೆಯನ ಮಗ ಲೋಕಾದಿತ್ಯನ ಕಾಲದಲ್ಲಿ. ಗ್ರಂಥಕ್ಕೆ ಪೂಜೆ ಮಾಡಿದ ಊರಿನ ಪಕ್ಕದಲ್ಲಿದ್ದು ನಾವು ಗ್ರಂಥ ತೆರೆಯದೆ ಇರುವುದು ಸರಿಯಲ್ಲ. ಶ್ರುತಪಂಚಮಿಯಂದು ಶಾಸ್ತ್ರಕ್ಕೆ ಅರ್ಘ್ಯ ಕೊಡುತ್ತೇವೆ. ಅದೇ ದಿನ ಮಕ್ಕಳ ಕನ್ನಡ ಪುಸ್ತಕವನ್ನೂ ಮನೆಯವರೆಲ್ಲ ಕುಳಿತು ಒಂದು ಪುಟ ಓದೋಣ. ಉಪಮೆ ಯಾವುದು, ರೂಪಕ ಯಾವುದು ಎಂದು ಮಕ್ಕಳೇ ನಮಗೆ ಹೇಳಲಿ.

ಜೈ ಜಿನೇಂದ್ರ.