ಲೆಕ್ಕ ಗೊತ್ತಿದ್ದ ಜೂಜುಕೋರ

ಪ್ರಾಬಬಿಲಿಟಿ ಪಾಠ ಶುರುವಾದ ದಿನ ಮೇಷ್ಟ್ರು ಬೋರ್ಡಿನ ಮೇಲೆ ಬರೆಯೋ ಮೊದಲ ಲೆಕ್ಕ ಯಾವುದು ಹೇಳಿ? ಒಂದೋ ನಾಣ್ಯ, ಇಲ್ಲ ದಾಳ, ಅದೂ ಇಲ್ಲವಾದರೆ 52 ಇಸ್ಪೀಟೆಲೆಗಳ ಕಟ್ಟು. ಹಾಸ್ಟೆಲ್ ರೂಮಿನಲ್ಲಿ ಎಲೆ ಹಿಡಿದರೆ ಬೈಗುಳ, ಪರೀಕ್ಷೆಯಲ್ಲಿ ಅದೇ ಎಲೆಗೆ ಮಾರ್ಕ್ಸ್!

ಕಳೆದ ದೀಪಾವಳಿ ರಜೆ ಮುಗಿಸಿ ಬಂದ ಮೇಲೆ ನಮ್ಮ ವಿಂಗ್‌ನಲ್ಲಿ ಪೋಕರ್ ಶುರುವಾಯ್ತು. ನಮಗೆಲ್ಲ ಅದೇ ಮೊದಲು. ಪಣ ಐದು ರೂಪಾಯಿ ಅಷ್ಟೇ, ಇದರಲ್ಲಿ ಏನು ಮಹಾ ಹೋಗುತ್ತೆ ಅಂತ ಕೂತೆವು. ಮೂರನೇ ವಾರಕ್ಕೆ ಐದು ಐವತ್ತಾಗಿತ್ತು. ನಮ್ಮಲ್ಲೇ ಒಬ್ಬ ಒಂದು ತಿಂಗಳ ಮೆಸ್ ದುಡ್ಡು ಕಳಕೊಂಡ. ಆಶ್ಚರ್ಯ ಏನಪ್ಪಾ ಅಂದ್ರೆ, ಗಣಿತದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದವನು ಅವನೇ. ಯಾವ ಎಲೆ ಬರೋ ಸಾಧ್ಯತೆ ಎಷ್ಟು ಅಂತ ಬಾಯಲ್ಲೇ ಲೆಕ್ಕ ಹೇಳ್ತಿದ್ದ. ಲೆಕ್ಕ ಗೊತ್ತಿದ್ದವನೇ ಯಾಕೆ ಸೋತ?

ಈ ಪ್ರಶ್ನೆ ಹಿಡಿದು ಹೊರಟಾಗ ನಮಗೆ ಸಿಕ್ಕವನು ಜೆರೊಲಾಮೊ ಕಾರ್ಡಾನೊ. ಹದಿನಾರನೇ ಶತಮಾನದ ಇಟಲಿಯವನು. ವೈದ್ಯ, ಗಣಿತಜ್ಞ, ಜ್ಯೋತಿಷಿ, ಜೊತೆಗೆ ಕಡುಜೂಜುಕೋರ. ಮೆಕ್ಯಾನಿಕಲ್‌ನವರಿಗೆ ಈ ಹೆಸರು ಹೊಸದಲ್ಲ. ಲಾರಿಯ ಕೆಳಗೆ ಬಗ್ಗಿ ನೋಡಿದರೆ ಗಿಯರ್‌ಬಾಕ್ಸ್‌ನಿಂದ ಹಿಂದಿನ ಚಕ್ರದ ಕಡೆಗೆ ಹೋಗುವ ಉದ್ದನೆಯ ಶಾಫ್ಟ್ ಕಾಣುತ್ತಲ್ಲ, ಅದರ ತುದಿಯ ಯೂನಿವರ್ಸಲ್ ಜಾಯಿಂಟ್‌ಗೆ ಕಾರ್ಡನ್ ಜಾಯಿಂಟ್ ಅನ್ನೋ ಹೆಸರೂ ಇದೆ. ಆ ಕಾರ್ಡನ್ ಇವನೇ.

ಬೇಡದ ಮಗು

ಕಾರ್ಡಾನೊ ಹುಟ್ಟಿದ್ದು 1501ರ ಸೆಪ್ಟೆಂಬರ್ 24ರಂದು, ಪಾವಿಯಾ ಊರಿನಲ್ಲಿ. ತಂದೆ ಫಾಜಿಯೊ ಮಿಲಾನ್‌ನ ವಕೀಲ. ರೇಖಾಗಣಿತದಲ್ಲಿ ಎಷ್ಟು ಪಳಗಿದ್ದನೆಂದರೆ ಲಿಯೊನಾರ್ಡೊ ಡ ವಿಂಚಿ ಕೂಡ ಅವನ ಸಲಹೆ ಕೇಳುತ್ತಿದ್ದ. ತಾಯಿ ಕಿಯಾರಾ ವಿಧವೆ. ಮಗು ಹುಟ್ಟಿದಾಗ ಇಬ್ಬರಿಗೂ ಮದುವೆ ಆಗಿರಲಿಲ್ಲ. ಗರ್ಭ ಇಳಿಸಲು ಔಷಧಿ ಕುಡಿದದ್ದೂ ಫಲ ಕೊಡದೆ ತಾನು ಹುಟ್ಟಿಬಿಟ್ಟೆ ಎಂದು ಮುಂದೆ ಆತ್ಮಕಥೆಯಲ್ಲಿ ಅವನೇ ಯಾವ ಮುಚ್ಚುಮರೆ ಇಲ್ಲದೆ ಬರೆದುಕೊಂಡ. ಆಗ ಮಿಲಾನ್‌ನಲ್ಲಿ ಪ್ಲೇಗ್ ಹಬ್ಬಿತ್ತು. ತಾಯಿಯ ಮೊದಲ ಮೂರು ಮಕ್ಕಳನ್ನು ಅದು ನುಂಗಿತು.

ಹುಡುಗ ಕಾಯಿಲೆಯಲ್ಲೇ ಬೆಳೆದ. ಅಪ್ಪ ವಕೀಲಿಕೆ ಓದು ಅಂದರೆ ಮಗ ವೈದ್ಯಕೀಯಕ್ಕೆ ಹಟ ಹಿಡಿದ. ಮೊದಲು ಪಾವಿಯಾ, ಆಮೇಲೆ ಪಾದುವಾ ವಿಶ್ವವಿದ್ಯಾಲಯ. ಓದುವಾಗಲೇ 1524ರಲ್ಲಿ ಅಪ್ಪ ತೀರಿಕೊಂಡ. ಕೈಗೆ ಬಂದ ಸಣ್ಣ ಆಸ್ತಿ ಬೇಗನೆ ಕರಗಿತು. ಆಗ ಹೊಟ್ಟೆಪಾಡಿಗೆ ಅಂತ ಹಿಡಿದದ್ದು ದಾಳ ಮತ್ತು ಎಲೆ. ಎದುರಾಳಿಗಳಿಗಿಂತ ಇವನಿಗೆ ಸಾಧ್ಯತೆಯ ಅಂದಾಜು ಚೆನ್ನಾಗಿತ್ತು, ಹಾಗಾಗಿ ಗೆಲ್ಲುತ್ತಲೂ ಇದ್ದ. ಅದೇ ಅವನಿಗೆ ಮುಳುವಾಯಿತು. ಮೊದಲ ದಿನವೇ ಸೋತಿದ್ದರೆ ಬಹುಶಃ ಬಿಟ್ಟುಬಿಡುತ್ತಿದ್ದ!

ವೆನಿಸ್‌ನ ಆ ರಾತ್ರಿ

ಯೌವನದ ಒಂದು ಪ್ರಸಂಗವನ್ನು ಅವನೇ ವಿವರವಾಗಿ ದಾಖಲಿಸಿದ್ದಾನೆ. ವೆನಿಸ್‌ನಲ್ಲಿ ಒಬ್ಬ ಸೆನೆಟರ್ ಮನೆಯಲ್ಲಿ ಎಲೆಯಾಟ. ಮೊದಲ ದಿನ ದುಡ್ಡು ಹೋಯಿತು, ಉಂಗುರ, ಬಟ್ಟೆ ಕೂಡ ಹೋಯಿತು. ಮರುದಿನ ಮತ್ತೆ ಕೂತಾಗ ಎಲೆಗಳ ಮೇಲೆ ಗುರುತು ಮಾಡಿರೋದು ಕಣ್ಣಿಗೆ ಬಿತ್ತು. ಕಾರ್ಡಾನೊ ಕಠಾರಿ ಎಳೆದು ಮನೆಯೊಡೆಯನ ಮುಖಕ್ಕೆ ಗೀರಿಯೇಬಿಟ್ಟ. ಗಾಯ ಆಳದ್ದಲ್ಲ. ಮನೆಯಲ್ಲಿ ಆಳುಗಳಿದ್ದರೂ ಹೆದರದೆ ತನ್ನ ದುಡ್ಡು, ಉಂಗುರ, ಬಟ್ಟೆ ಎಲ್ಲ ವಾಪಸ್ ತಗೊಂಡ. ಅವನಿಗೆ ರಕ್ತ ಬಂದದ್ದು ನೋಡಿ ಸ್ವಲ್ಪ ದುಡ್ಡನ್ನು ಅಲ್ಲೇ ಬಿಸಾಡಿ ಹೊರಬಿದ್ದ.

ಕತೆ ಇಲ್ಲಿಗೆ ಮುಗಿಯಲಿಲ್ಲ. ಅದೇ ರಾತ್ರಿ ಕತ್ತಲಲ್ಲಿ ಓಡಾಡುತ್ತಾ ಕಾಲು ಜಾರಿ ನೀರಿಗೆ ಬಿದ್ದ. ಹಾದುಹೋಗುತ್ತಿದ್ದ ದೋಣಿಯವರು ಎಳೆದು ಮೇಲೆ ಹಾಕಿದರು. ನೋಡಿದರೆ ದೋಣಿಯಲ್ಲಿ ಕೂತವನು ಮುಖಕ್ಕೆ ಪಟ್ಟಿ ಕಟ್ಟಿಕೊಂಡ ಅದೇ ಸೆನೆಟರ್! ಅವನು ಪೊಲೀಸರಿಗೆ ಹಿಡಿದುಕೊಡುವ ಬದಲು ಒಣಬಟ್ಟೆ ಕೊಟ್ಟು ಪಾದುವಾಕ್ಕೆ ಜೊತೆಯಲ್ಲೇ ಕರೆದುಕೊಂಡು ಹೋದ.

ಓದಲು ಸಿನಿಮಾ ಥರ ಇದೆ, ಅಲ್ವಾ? ಆದರೆ ನಮಗೆ ಮುಖ್ಯ ಅನಿಸಿದ್ದು ಬೇರೆ. ಮೊದಲ ದಿನ ಬಟ್ಟೆಯವರೆಗೂ ಸೋತವನು ಮರುದಿನ ಅದೇ ಮೇಜಿಗೆ ಮತ್ತೆ ಹೋದ. ಹೋದದ್ದನ್ನು ವಾಪಸ್ ಪಡೆಯಬೇಕು ಅನ್ನೋ ಒಂದೇ ಹಟ. ಆ ಹಟ ನಮ್ಮ ವಿಂಗ್‌ನಲ್ಲೂ ಕಂಡಿದ್ದೇ.

ಹೆಂಡತಿಯ ಒಡವೆ

ಪದವಿ ಸಿಕ್ಕರೂ ಮಿಲಾನ್‌ನ ವೈದ್ಯರ ಸಂಘ ಇವನನ್ನು ಸೇರಿಸಿಕೊಳ್ಳಲಿಲ್ಲ. ಮದುವೆಯಾಗದ ತಂದೆತಾಯಿಗೆ ಹುಟ್ಟಿದವನು ಅನ್ನೋದು ಅವರ ಕಾರಣ. ಹಳ್ಳಿಯೊಂದರಲ್ಲಿ ವೈದ್ಯ ಮಾಡಿಕೊಂಡಿದ್ದಾಗ 1531ರಲ್ಲಿ ಲೂಚಿಯಾ ಜೊತೆ ಮದುವೆಯಾಯಿತು. ರೋಗಿಗಳು ಕಮ್ಮಿ, ಖರ್ಚು ಜಾಸ್ತಿ. ಮತ್ತೆ ಜೂಜು. ಹೆಂಡತಿಯ ಒಡವೆ ಗಿರವಿಗೆ ಹೋಯಿತು, ಮನೆಯ ಸಾಮಾನೂ ಹೋಯಿತು. ಕೊನೆಗೆ ಸಂಸಾರ ಸಮೇತ ಮಿಲಾನ್‌ನ ಬಡವರ ಆಶ್ರಯಧಾಮ ಸೇರಬೇಕಾಯಿತು. ಧರ್ಮರಾಯ ಪಗಡೆಗೆ ಕೂತ ಕತೆ ಕೇಳಿ ಬೆಳೆದ ನಮಗೆ ಇದು ಗುರುತಿನ ದಾರಿಯೇ. ವ್ಯತ್ಯಾಸ ಒಂದೇ: ದಾಳ ಹೇಗೆ ಬೀಳುತ್ತೆ ಅನ್ನೋ ಲೆಕ್ಕ ಕಾರ್ಡಾನೊಗೆ ಗೊತ್ತಿತ್ತು.

1534ರಲ್ಲಿ ಅದೃಷ್ಟ ಬದಲಾಯಿತು. ಮಿಲಾನ್‌ನಲ್ಲಿ ಗಣಿತ ಉಪನ್ಯಾಸಕನ ಕೆಲಸ ಸಿಕ್ಕಿತು. ಜೊತೆಗೆ ಮಾಡಿದ ವೈದ್ಯಕ್ಕೆ ಹೆಸರು ಬಂತು. ಬಾಗಿಲು ಹಾಕಿದ್ದ ವೈದ್ಯರ ಸಂಘ 1539ರಲ್ಲಿ ಅವನನ್ನು ಒಳಗೆ ಕರೆದುಕೊಂಡಿತು.

ಅದೇ ವರ್ಷ ಟಾರ್ಟಾಗ್ಲಿಯಾ ಎಂಬ ಗಣಿತಜ್ಞ, ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸಿಕೊಂಡು ಘನ ಸಮೀಕರಣ ಬಿಡಿಸೋ ಗುಟ್ಟನ್ನು ಕಾರ್ಡಾನೊಗೆ ಹೇಳಿದ. ಆ ಗುಟ್ಟು ಇನ್ನೂ ಮೊದಲೇ ದೆಲ್ ಫೆರೊ ಎಂಬವನಿಗೆ ಸಿಕ್ಕಿತ್ತು ಅಂತ ಆಮೇಲೆ ತಿಳಿದಾಗ, ಆಣೆಗೆ ಇನ್ನು ಅರ್ಥವಿಲ್ಲ ಅಂದುಕೊಂಡು 1545ರಲ್ಲಿ ‘ಆರ್ಸ್ ಮ್ಯಾಗ್ನಾ’ ಪುಸ್ತಕದಲ್ಲಿ ಅಚ್ಚು ಹಾಕಿಸಿಬಿಟ್ಟ. ಇಬ್ಬರ ಹೆಸರನ್ನೂ ಹೇಳಿದ, ಆದರೂ ಟಾರ್ಟಾಗ್ಲಿಯಾ ಬದುಕಿರುವವರೆಗೂ ಕ್ಷಮಿಸಲಿಲ್ಲ. ಅದೇ ಪುಸ್ತಕದಲ್ಲಿ ಒಂದು ಪುಟ್ಟ ಲೆಕ್ಕ ಇದೆ: 10ನ್ನು ಎರಡು ಭಾಗ ಮಾಡಿ, ಗುಣಿಸಿದರೆ 40 ಬರಬೇಕು. ಉತ್ತರ 5 + √−15 ಮತ್ತು 5 − √−15. ಮನಸ್ಸಿಗೆ ಹಿಂಸೆಯಾದರೂ ಗುಣಿಸಿ ನೋಡಿ ಅಂದ. ಎಲೆಕ್ಟ್ರಿಕಲ್‌ನವರು ದಿನಾ ಬಳಸೋ ಕಾಂಪ್ಲೆಕ್ಸ್ ಸಂಖ್ಯೆಗಳು ಅಚ್ಚಿನ ಪುಸ್ತಕದೊಳಗೆ ಇಣುಕಿದ್ದು ಹೀಗೆ.

ಜೂಜಿನ ಪುಸ್ತಕ

ಈಗ ನಮ್ಮ ಪ್ರಶ್ನೆಗೆ ಬರೋಣ. ಕಾರ್ಡಾನೊ ಜೂಜಾಟದ ಬಗ್ಗೆಯೇ ಒಂದು ಪುಸ್ತಕ ಬರೆದ. ಹೆಸರು ‘ಲಿಬೆರ್ ದೆ ಲೂದೊ ಆಲಿಯೆ’, ಅಂದರೆ ಜೂಜಿನಾಟಗಳ ಪುಸ್ತಕ. ಬದುಕಿದ್ದಾಗ ಅಚ್ಚಾಗಲಿಲ್ಲ, ಬೆಳಕು ಕಂಡದ್ದು 1663ರಲ್ಲಿ. ಅಷ್ಟರಲ್ಲಿ, 1654ರಲ್ಲಿ, ಪಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡು ಪ್ರಾಬಬಿಲಿಟಿ ಶಾಸ್ತ್ರಕ್ಕೆ ಅಡಿಪಾಯ ಹಾಕಿ ಆಗಿತ್ತು. ಹಾಗಾಗಿ ಸಿಗಬೇಕಾದ ಹೆಸರು ಇವನಿಗೆ ತಡವಾಗಿ ಸಿಕ್ಕಿತು.

ಪುಸ್ತಕದಲ್ಲಿ ಏನಿದೆ? ಎರಡು ದಾಳ ಎಸೆದರೆ 36 ಬಗೆ, ಮೂರು ಎಸೆದರೆ 216 ಬಗೆ ಅಂತ ಎಣಿಸಿದ. ಎರಡು ದಾಳದಲ್ಲಿ ಒಂದಾದರೂ ‘ಒಂದು’ ಬೀಳೋದು 36ರಲ್ಲಿ 11 ಸಲ, ಮೂರರಲ್ಲಾದರೆ 216ರಲ್ಲಿ 91 ಸಲ ಅಂತ ಸರಿಯಾಗಿ ಹೇಳಿದ. ಬೇಕಾದ ಫಲಿತಗಳನ್ನು ಒಟ್ಟು ಫಲಿತಗಳ ಜೊತೆ ಹೋಲಿಸಿ, ಅದಕ್ಕೆ ತಕ್ಕ ಹಾಗೆ ಪಣ ಇಟ್ಟರೆ ಮಾತ್ರ ಆಟ ನ್ಯಾಯದ್ದು ಅಂದ. ನಾವು ಪರೀಕ್ಷೆಯಲ್ಲಿ ಬರೆಯೋ ವ್ಯಾಖ್ಯೆ ಹೆಚ್ಚುಕಮ್ಮಿ ಇದೇ.

ಎಡವಿದ್ದೂ ಇದೆ. ದಾಳಕ್ಕೆ ಆರು ಮುಖ, ಆದ್ದರಿಂದ ಮೂರು ಸಲ ಎಸೆದರೆ ಬೇಕಾದ ಮುಖ ಬೀಳೋ ಸಾಧ್ಯತೆ ಅರ್ಧ ಅಂತ ಮೊದಲು ಬರೆದ. ನಮ್ಮಲ್ಲೂ ಎಷ್ಟೋ ಜನ ಹಾಗೇ ಅಂದುಕೊಳ್ತೀವಿ. ನಿಜದಲ್ಲಿ ಅದು 91/216, ಅಂದರೆ ಸುಮಾರು 42 ಪರ್ಸೆಂಟ್. ಅರ್ಧ ದಾಟಬೇಕಾದರೆ ನಾಲ್ಕು ಎಸೆತ ಬೇಕು, ಆಗ ಸುಮಾರು 52 ಪರ್ಸೆಂಟ್. ಮುಂದಿನ ಅಧ್ಯಾಯವೊಂದರಲ್ಲಿ ಕಾರ್ಡಾನೊಗೆ ತಪ್ಪು ಹೊಳೆಯಿತು: ಸತತ ಎಸೆತಗಳ ಸಾಧ್ಯತೆಗಳನ್ನು ಕೂಡಿಸೋದಲ್ಲ, ಗುಣಿಸಬೇಕು. ವಿಶೇಷ ಅಂದ್ರೆ ತಪ್ಪಾದ ಪುಟಗಳನ್ನು ಹರಿದು ಹಾಕಲಿಲ್ಲ. ತಪ್ಪೂ ಸರಿಯೂ ಒಂದೇ ಪುಸ್ತಕದಲ್ಲಿ ಉಳಿದವು.

ಎಲೆಯಾಟದಲ್ಲಿ ಅವನಿಗೆ ಇಷ್ಟ ‘ಪ್ರಿಮೆರೊ’. ಪೋಕರ್‌ನ ಮುತ್ತಜ್ಜ ಅನ್ನಬಹುದಾದ ಆಟ ಅದು. 8, 9, 10 ತೆಗೆದು ಉಳಿದ 40 ಎಲೆ, ತಲಾ ನಾಲ್ಕು ಹಂಚೋದು. ನಾಲ್ಕೂ ಒಂದೇ ಜಾತಿಯಾದರೆ ‘ಫ್ಲಕ್ಸಸ್’, ಇವತ್ತಿನ ಫ್ಲಶ್‌ನ ನೆಂಟ. ಪಣ ಏರಿಸೋದು, ಎದುರಿನವನ ಮುಖ ಓದೋದು ಎಲ್ಲ ಇತ್ತು.

ಇಷ್ಟು ಗಣಿತ. ಇದರ ನಡುನಡುವೆ ಬುದ್ಧಿಮಾತೂ ಬರೆದಿದ್ದಾನೆ. ಆಡೋದಾದರೆ ಅಪರೂಪಕ್ಕೆ ಆಡು, ಸ್ವಲ್ಪ ಹೊತ್ತು ಆಡು, ತಕ್ಕ ಜಾಗದಲ್ಲಿ, ಸರಿಸಮಾನರ ಜೊತೆ, ಚಿಕ್ಕ ಪಣಕ್ಕೆ ಆಡು. ಎದುರಾಳಿ, ಸುತ್ತ ನಿಂತವರು, ದುಡ್ಡು, ದಾಳ ಇವೆಲ್ಲ ಇಬ್ಬರಿಗೂ ಸಮ ಇರಬೇಕು. ನಿನ್ನ ಕಡೆಗೆ ವಾಲಿದ್ದರೆ ನೀನು ಮೋಸಗಾರ, ಅವನ ಕಡೆಗೆ ವಾಲಿದ್ದರೆ ನೀನು ದಡ್ಡ. ಎಲ್ಲಕ್ಕಿಂತ ದೊಡ್ಡ ಲಾಭ ಬೇಕೆಂದರೆ ಆಡಲೇಬೇಡ.

ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಚದುರಂಗವನ್ನು 40 ವರ್ಷ, ದಾಳವನ್ನು 25 ವರ್ಷ, ಅದೂ ದಿನ ಬಿಡದೆ ಆಡಿದೆ. ದುಡ್ಡು, ಮಾನ, ಸಮಯ ಮೂರೂ ಹೋಯಿತು ಅಂತ ಆತ್ಮಕಥೆಯಲ್ಲಿ ನಾಚಿಕೆಯಿಂದ ಒಪ್ಪಿಕೊಂಡವನು ಇದೇ ಮನುಷ್ಯ. ಲೆಕ್ಕ ಹೇಳಿದ್ದಕ್ಕೆ ವಿರುದ್ಧವಾಗಿ ದಾಳ ಬಿದ್ದಾಗೆಲ್ಲ ಅದೃಷ್ಟ ಅನ್ನೋ ಇನ್ನೊಂದು ಶಕ್ತಿ ಇದೆ ಅಂತಲೂ ನಂಬಿದ್ದ. ನಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅನಿಸುತ್ತೆ. 52 ಪರ್ಸೆಂಟ್ ಅನ್ನೋದು ಸಾವಿರ ಎಸೆತದ ಮಾತು. ಮುಂದಿನ ಒಂದು ಎಸೆತದ ಬಗ್ಗೆ ಅದು ಏನೂ ಮಾತು ಕೊಡಲ್ಲ. ಸೋತು ಕೂತವನಿಗೆ ಬೇಕಾಗಿರೋದು ಮಾತ್ರ ಆ ಮುಂದಿನ ಎಸೆತ.

ಏರಿದ್ದು, ಇಳಿದದ್ದು

1550ರ ಹೊತ್ತಿಗೆ ಕಾರ್ಡಾನೊ ಯುರೋಪಿನ ದೊಡ್ಡ ವೈದ್ಯರಲ್ಲಿ ಒಬ್ಬ. 1552ರಲ್ಲಿ ಸ್ಕಾಟ್ಲೆಂಡಿನ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್‌ನ ಉಬ್ಬಸ ನೋಡಲು ಹೋದ. ಗರಿ ತುಂಬಿದ ಹಾಸಿಗೆ ದಿಂಬು ಬಿಡಿಸಿದ, ಊಟ ನಿದ್ದೆ ಸರಿಮಾಡಿಸಿದ. ಬಿಷಪ್ ಚೇತರಿಸಿಕೊಂಡು 1,400ಕ್ಕೂ ಹೆಚ್ಚು ಚಿನ್ನದ ನಾಣ್ಯ ಕೊಟ್ಟ. ವಾಪಸ್ ಬರುವಾಗ ಇಂಗ್ಲೆಂಡಿನ ಬಾಲರಾಜ ಆರನೇ ಎಡ್ವರ್ಡ್‌ನ ಜಾತಕ ಬರೆದು ದೀರ್ಘಾಯುಷ್ಯ ಅಂದ. ಹುಡುಗ ಮರುವರ್ಷವೇ, ಹದಿನೈದಕ್ಕೆ, ತೀರಿಕೊಂಡ.

ಆಮೇಲೆ ಬಂದದ್ದೆಲ್ಲ ಪೆಟ್ಟು. ಹಿರಿಮಗ ಜಾಂಬಟಿಸ್ಟಾ ಹೆಂಡತಿಗೆ ವಿಷ ಹಾಕಿದ. 1560ರಲ್ಲಿ ಅವನಿಗೆ ಮರಣದಂಡನೆಯಾಯಿತು. ಅಪ್ಪ ಎಷ್ಟು ಓಡಾಡಿದರೂ ಉಳಿಸಲಾಗಲಿಲ್ಲ. ಕಿರಿಮಗ ಆಲ್ಡೊ ಅಪ್ಪನ ಚಟವನ್ನೇ ಹಿಡಿದ, ಅಪ್ಪನ ಗಣಿತವನ್ನಲ್ಲ. ಜೂಜಿಗೆ ಅಪ್ಪನ ಮನೆಯಲ್ಲೇ ಕದ್ದ. ಕೊನೆಗೆ ಅಪ್ಪನೇ ದೂರು ಕೊಟ್ಟು ಮಗನನ್ನು ಊರು ಬಿಡಿಸಬೇಕಾಯಿತು. 1570ರಲ್ಲಿ ಬೊಲೊನ್ಯಾದಲ್ಲಿ ಪ್ರೊಫೆಸರ್ ಆಗಿದ್ದಾಗ ಧರ್ಮದ್ರೋಹದ ಆರೋಪದ ಮೇಲೆ ಜೈಲು ಸೇರಿದ. ಕೆಲವು ತಿಂಗಳ ಮೇಲೆ ಬಿಟ್ಟರೂ ಪಾಠ ಹೇಳೋ ಹಕ್ಕು ಹೋಯಿತು. ರೋಮ್‌ಗೆ ಹೋಗಿ ಪೋಪ್ ಕೊಟ್ಟ ಪಿಂಚಣಿಯಲ್ಲಿ ಆತ್ಮಕಥೆ ಬರೆದು, 1576ರ ಸೆಪ್ಟೆಂಬರ್ 21ರಂದು ಕಣ್ಣು ಮುಚ್ಚಿದ.

ನಮ್ಮ ಮೇಜಿಗೆ ವಾಪಸ್

ಆ ಚಿಕ್ಕ ಪಣದ ಬುದ್ಧಿಮಾತನ್ನು ನಾವು ಒಂದು ಲೆಕ್ಕಕ್ಕೆ ಹಾಕಿ ನೋಡಿದೆವು. ಕ್ಯಾಸಿನೊದ ಪೋಕರ್ ಮೇಜಿನಲ್ಲಿ ಮನೆಯವರು ಆಡಲ್ಲ, ಆದರೆ ಪ್ರತಿ ಆಟದ ಪಣದಿಂದ ಒಂದು ಪಾಲು ಎತ್ತಿಕೊಳ್ತಾರೆ. ಆರು ಜನ ತಲಾ 100 ರೂಪಾಯಿ ತಂದು ಕೂತರು ಅಂತಿಟ್ಟುಕೊಳ್ಳಿ. ಒಂದೊಂದು ಆಟಕ್ಕೆ 60 ರೂಪಾಯಿ ಗುಡ್ಡೆ, ಅದರಲ್ಲಿ 5 ಪರ್ಸೆಂಟ್, ಅಂದರೆ 3 ರೂಪಾಯಿ ಮನೆಗೆ. ನೂರು ಆಟ ಆದ ಮೇಲೆ 600ರಲ್ಲಿ 300 ಮೇಜಿನ ಮೇಲೇ ಇಲ್ಲ! ಆರು ಜನರೂ ಒಂದೇ ಸಮ ಜಾಣರಾದರೆ ಆರೂ ಜನ ಸೋತಿರ್ತಾರೆ. ಕಾರ್ಡಾನೊ ಹೇಳಿದ ಸಮ ಅನ್ನೋ ನಿಯಮ ಅಲ್ಲಿ ಕೂರೋ ಮೊದಲೇ ಮುರಿದಿರುತ್ತೆ. ಚಿಕ್ಕ ಪಣ ಅನ್ನೋದು ನಿಧಾನವಾಗಿ ಸೋಲೋದಕ್ಕೆ ಇನ್ನೊಂದು ಹೆಸರು, ಅಷ್ಟೇ.

ನಮ್ಮ ಗೆಳೆಯನ ಮೆಸ್ ದುಡ್ಡನ್ನು ಗೆದ್ದವರೆಲ್ಲ ಸೇರಿ ವಾಪಸ್ ಕೊಟ್ಟೆವು. ಅವನು ಮೊದಲು ಬೇಡ ಅಂದ, ಇನ್ನೊಂದೇ ಒಂದು ರೌಂಡ್ ಆಡಿ ತಾನೇ ಗೆದ್ಕೋತೀನಿ ಅಂದ. ನಾವು ಆಡಲಿಲ್ಲ. ಎಲೆಕಟ್ಟು ಈಗಲೂ ರೂಮಿನಲ್ಲೇ ಇದೆ. ಭಾನುವಾರ ಮಧ್ಯಾಹ್ನ ಬೆಂಕಿಕಡ್ಡಿ ಪಣ ಇಟ್ಟು ಆಡ್ತೀವಿ. ಯಾವ ಎಲೆ ಬರೋ ಸಾಧ್ಯತೆ ಎಷ್ಟು ಅಂತ ಈಗಲೂ ಅವನೇ ಲೆಕ್ಕ ಹೇಳೋದು, ಮುಕ್ಕಾಲು ಪಾಲು ಕಡ್ಡಿ ಸೋಲೋದೂ ಅವನೇ.