ಶಂಕ್ರಣ್ಣ ಇದ್ದಿದ್ರೆ ಅನ್ನೋ ನೆಪ ಸಾಕು

ಪ್ರತಿ ವರ್ಷ ಸೆಪ್ಟೆಂಬರ್ 30 ಬಂತು ಅಂದ್ರೆ ನನ್ನ ಫೋನ್ ತುಂಬ ಒಂದೇ ಥರದ ರೀಲ್‌ಗಳು. ಶಂಕ್ರಣ್ಣ ಇದ್ದಿದ್ರೆ ಬೆಂಗಳೂರು ಹೀಗಿರ್ತಿರ್ಲಿಲ್ಲ, ಮೆಟ್ರೋ ಯಾವತ್ತೋ ಬರ್ತಿತ್ತು, ನಂದಿಬೆಟ್ಟಕ್ಕೆ ರೋಪ್‌ವೇ ಆಗ್ತಿತ್ತು. ಮಾರತ್ತಹಳ್ಳಿಯಲ್ಲಿದ್ದುಕೊಂಡು ದಿನಾ ಹೊರ ವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಒದ್ದಾಡುವ ನನ್ನಂಥವರಿಗೆ ಈ ಮಾತು ಹಿತವಾಗಿಯೇ ಕೇಳಿಸುತ್ತದೆ. ಆದರೂ ಈ 'ಇದ್ದಿದ್ರೆ' ಜೊತೆ ನನಗೊಂದು ತಕರಾರಿದೆ.

ಮೊದಲು ಮನುಷ್ಯನ ಬಗ್ಗೆ ಮಾತಾಡೋಣ. ಶಂಕರ್‌ನಾಗ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡದ ಹೊನ್ನಾವರದ ಕಡೆ. ಮುಂಬೈಗೆ ಹೋದ ಹುಡುಗನನ್ನು ಹಿಡಿದಿಟ್ಟದ್ದು ಮರಾಠಿ ರಂಗಭೂಮಿ. ಮುಂದೆ ಬಾಳಸಂಗಾತಿಯಾದ ಅರುಂಧತಿ ಸಿಕ್ಕಿದ್ದೂ ನಾಟಕದ ನಂಟಿನಿಂದಲೇ. 1978ರಲ್ಲಿ ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಬಂತು. ಕನ್ನಡದ ಆ ಮೊದಲ ಚಿತ್ರಕ್ಕೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಸಿಕ್ಕಿತು.

ಅಲ್ಲಿಂದ ಮುಂದಕ್ಕೆ ಅವರ ಪಾಲಿಗಿದ್ದದ್ದು ಬರೀ ಹನ್ನೆರಡು ವರ್ಷ. ಅಷ್ಟರಲ್ಲೇ ಎಂಬತ್ತಕ್ಕೂ ಹೆಚ್ಚು ಸಿನಿಮಾಗಳಲ್ಲಿ ನಟಿಸಿದರು. 'ಮಿಂಚಿನ ಓಟ', 'ಗೀತಾ', 'ಆಕ್ಸಿಡೆಂಟ್' ನಿರ್ದೇಶಿಸಿದರು. ಡಾ. ರಾಜ್‌ಕುಮಾರ್ ಅವರನ್ನು ಹಾಕಿಕೊಂಡು 'ಒಂದು ಮುತ್ತಿನ ಕಥೆ' ಮಾಡಿದರು. ಕನ್ನಡ ಸಿನಿಮಾದವರು ಧ್ವನಿಮುದ್ರಣಕ್ಕೆ ಮದ್ರಾಸಿಗೆ ಓಡುತ್ತಿದ್ದ ಕಾಲದಲ್ಲಿ ಬೆಂಗಳೂರಲ್ಲೇ 'ಸಂಕೇತ್' ಸ್ಟುಡಿಯೋ ಕಟ್ಟಿದರು. ಆರ್.ಕೆ. ನಾರಾಯಣ್ ಅವರ ಮಾಲ್ಗುಡಿಯನ್ನು ಆಗುಂಬೆಯಲ್ಲಿ ನಿಲ್ಲಿಸಿ, ದೂರದರ್ಶನದ ಮೂಲಕ ಇಡೀ ದೇಶಕ್ಕೆ ತೋರಿಸಿದರು. ಇವ್ಯಾವುವೂ ಒಬ್ಬರ ಕೆಲಸಗಳಲ್ಲ. ಅವರ ಸುತ್ತ ನಾಟಕದ ಗೆಳೆಯರ, ತಂತ್ರಜ್ಞರ ದೊಡ್ಡ ದಂಡೇ ಇತ್ತು.

1990ರ ಸೆಪ್ಟೆಂಬರ್ 30ರಂದು 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆ ಹೊರಟವರ ಕಾರು ದಾವಣಗೆರೆ ಹತ್ತಿರ ಆನಗೋಡು ಬಳಿ ಲಾರಿಗೆ ಡಿಕ್ಕಿ ಹೊಡೆಯಿತು. ಪತ್ನಿ, ಮಗಳು ಬದುಕುಳಿದರು. ಶಂಕರ್ ಉಳಿಯಲಿಲ್ಲ. ಅವರಿಗಿನ್ನೂ 35.

ಆಗ ಮಾರತ್ತಹಳ್ಳಿ ನಿಜಕ್ಕೂ ಹಳ್ಳಿ. ಹೊರ ವರ್ತುಲ ರಸ್ತೆ ಇರಲಿಲ್ಲ, ಐಟಿಪಿಎಲ್ ಇರಲಿಲ್ಲ. ಇವತ್ತು ಇಲ್ಲಿ ಆಟೋ ಓಡಿಸುವವರಲ್ಲಿ ಎಷ್ಟೋ ಜನ ಆಗ ಹುಟ್ಟಿಯೇ ಇರಲಿಲ್ಲ. ಆದರೂ ಆಟೋ ಹಿಂದೆ ಅದೇ ಮುಖ. ನವೆಂಬರ್ ಬಂದರೆ ಸ್ಟ್ಯಾಂಡಿನಲ್ಲಿ ಬಾವುಟ, ಹೂವಿನ ಹಾರ, ಪ್ರಸಾದ. 1980ರ 'ಆಟೋ ರಾಜ'ದಲ್ಲಿ ಖಾಕಿ ಹಾಕಿದ ಒಬ್ಬ ನಟನಿಗೆ ಇವರು ಇಷ್ಟು ವರ್ಷ ಯಾಕೆ ನಿಷ್ಠರಾಗಿದ್ದಾರೆ?

ನನಗೆ ಅನ್ನಿಸೋದು ಇಷ್ಟು. ಖಾಕಿ ಹಾಕಿದವನೂ ಕಥೆಗೆ ನಾಯಕನಾಗಬಹುದು, ಮಾನ ಮರ್ಯಾದೆ ಇರುವ ಮನುಷ್ಯ ಅಂತ ಆ ಸಿನಿಮಾ ತೋರಿಸಿತು. ಗಾಜಿನ ಕಟ್ಟಡಗಳ ಈ ಊರಿನಲ್ಲಿ ಆ ಚಿತ್ರ ಅಂಟಿಸಿಕೊಳ್ಳೋದು ಅಂದ್ರೆ, ಈ ರಸ್ತೆ ನಮ್ಮದೂ ಹೌದು ಅಂತ ಹೇಳಿಕೊಂಡಂತೆ. ಮೀಟರ್ ಹಾಕಲ್ಲ, ಕರೆದ ಕಡೆ ಬರಲ್ಲ ಅಂತ ನಾವು ಅವರ ಜೊತೆ ಜಗಳ ಆಡ್ತೀವಿ. ಆ ಜಗಳದಲ್ಲಿ ನ್ಯಾಯವೂ ಇದೆ. ಆದರೆ ಇಂಧನದ ಬೆಲೆ, ಸಾಲದ ಕಂತು, ಆ್ಯಪ್‌ಗೆ ಕಟ್ಟುವ ದುಡ್ಡು ಎಲ್ಲ ಕಳೆದು ಅವರ ಕೈಗೆ ಉಳಿಯೋದು ಎಷ್ಟು ಅಂತ ಕೇಳಿದವರು ಕಡಿಮೆ.

ಇನ್ನು 'ಆಕ್ಸಿಡೆಂಟ್'. 1985ರ ಈ ಚಿತ್ರದಲ್ಲಿ ಪ್ರಭಾವಿ ರಾಜಕಾರಣಿಯ ಮಗ ನಶೆಯಲ್ಲಿ ಕಾರು ಓಡಿಸಿ ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಹರಿಸುತ್ತಾನೆ. ಕೇಸು ಮುಚ್ಚಿಹಾಕಲು ಅಧಿಕಾರವೆಲ್ಲ ಒಂದಾಗುತ್ತದೆ. ಬೆನ್ನು ಹತ್ತುವ ಪತ್ರಕರ್ತನ ಪಾತ್ರ ಶಂಕರ್ ಅವರದು. ಈ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಆದರೆ ಅದು ಎತ್ತಿದ ಪ್ರಶ್ನೆ ಅಲ್ಲೇ ಉಳಿಯಿತು. ಇದನ್ನು ತೆಗೆದ ಮನುಷ್ಯನೇ ಐದು ವರ್ಷದ ನಂತರ ರಸ್ತೆಯಲ್ಲಿ ಜೀವ ಬಿಟ್ಟರು. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಹೆಚ್ಚಿನವರು ಕಾರಿನೊಳಗಿದ್ದವರಲ್ಲ. ಬೈಕಿನಲ್ಲಿ ಹೋಗುತ್ತಿದ್ದವರು, ನಡೆದು ಹೋಗುತ್ತಿದ್ದವರು.

ಈಗ ನನ್ನ ತಕರಾರಿಗೆ ಬರ್ತೀನಿ. 'ಅವರಿದ್ದಿದ್ರೆ' ಅನ್ನುವ ಮಾತು ಪ್ರೀತಿಯದ್ದೇ, ಅನುಮಾನ ಬೇಡ. ಆದರೆ ಅದರೊಳಗೆ ಇನ್ನೊಂದು ಮಾತು ಅಡಗಿದೆ: ಅವರಿಲ್ಲ, ಆದ್ದರಿಂದ ಏನೂ ಆಗಲ್ಲ. ಊರು ಹಾಳಾಗಿದ್ದಕ್ಕೆ ಒಬ್ಬ ನಟನ ಸಾವು ಕಾರಣ ಅಂದುಬಿಟ್ಟರೆ ಸರ್ಕಾರಕ್ಕೂ ಪಾಲಿಕೆಗೂ ಆರಾಮ, ವೋಟು ಹಾಕಿ ಮಲಗುವ ನಮಗೂ ಆರಾಮ. ನಮ್ಮ ಮೆಟ್ರೋ 2011ರಲ್ಲಿ ಓಡಲು ಶುರುವಾಯಿತು. ವೈಟ್‌ಫೀಲ್ಡ್ ಮುಟ್ಟಿದ್ದು 2023ಕ್ಕೆ. ಈ ತಡಕ್ಕೆ ಹೆಸರುಗಳಿವೆ, ಕಡತಗಳಿವೆ, ಗುತ್ತಿಗೆಗಳಿವೆ. ಅವುಗಳ ಬಗ್ಗೆ ಕೇಳಬೇಕು.

ದುಃಖಪಡಲು ಬೇರೆ ದಾರಿಯೂ ಇದೆ. ಅರುಂಧತಿ ನಾಗ್ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡ್ಡು ಕೂಡಿಸಿ, ಓಡಾಡಿ, 2004ರಲ್ಲಿ ಜೆ.ಪಿ. ನಗರದಲ್ಲಿ ರಂಗಶಂಕರ ತೆರೆದರು. ಇವತ್ತಿಗೂ ಅಲ್ಲಿ ನಾಟಕ ನಡೀತಿದೆ. 'ಇದ್ದಿದ್ರೆ' ಅಂತ ಕೂತಿದ್ದರೆ ಆ ಕಟ್ಟಡ ಏಳುತ್ತಿರಲಿಲ್ಲ.

ಎಲ್ಲರೂ ರಂಗಮಂದಿರ ಕಟ್ಟಬೇಕಿಲ್ಲ. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕರ್ನಾಟಕ 2025ರಲ್ಲಿ ಕಾನೂನು ಮಾಡಿದೆ. ಅದರ ಫಲ ನಮ್ಮ ಮುಂದೆ ಆ್ಯಪ್ ಹಿಡಿದು ಓಡಾಡುವವರಿಗೆ ತಲುಪಿದೆಯಾ ಅಂತ ವಿಚಾರಿಸಬಹುದು. ವಾರ್ಡಿನಲ್ಲಿ ಫುಟ್‌ಪಾತ್ ಎಲ್ಲಿ ಅಂತ ಕೇಳಬಹುದು. ಕುಡಿದು ಗಾಡಿ ಓಡಿಸಿ ಜೀವ ತೆಗೆದವನ ಕೇಸು ಏನಾಯ್ತು ಅಂತ ಬೆನ್ನು ಹತ್ತಬಹುದು. ಇದಕ್ಕೆ ಕರಾಟೆ ಕಿಂಗ್ ಆಗಬೇಕಿಲ್ಲ. ಹತ್ತು ಜನ ಒಟ್ಟಿಗೆ ಹೋದರೆ ಸಾಕು.