ಗಲ್ಲಾದ ಮೇಲಿನ ಲಕ್ಷ್ಮೀ ಯಾರ ಕೈಯವಳು?

ಬೈಲಹೊಂಗಲದ ಹತ್ತಿ ದಲಾಲಿ ಅಂಗಡಿ ಇರಲಿ, ರಾಮದುರ್ಗದ ಕಿರಾಣಿ ಅಂಗಡಿ ಇರಲಿ, ಗಲ್ಲಾದ ಮೇಲೆ ಕನ್ನಡಿ ಹಾಕಿದ ಪಟದೊಳಗೆ ಲಕ್ಷ್ಮೀ ಇದ್ದೇ ಇರುತ್ತಾಳೆ. ದಿನಾ ಊದಿನಕಡ್ಡಿ ಹಚ್ಚುವವರಿಗೂ ಆ ರೂಪ ಎಲ್ಲಿಂದ ಬಂತು ಅಂತ ಗೊತ್ತಿರಲಿಕ್ಕಿಲ್ಲ. ಇಂಥ ಪಟಗಳ ಮೂಲಪುರುಷ ರಾಜಾ ರವಿವರ್ಮ.

1848ರಲ್ಲಿ ತಿರುವಾಂಕೂರಿನ ಕಿಳಿಮಾನೂರಿನಲ್ಲಿ ಹುಟ್ಟಿದವ. ಅರಮನೆಗೆ ಬಂದ ಥಿಯೋಡರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರ ತೈಲಚಿತ್ರದ ವಿದ್ಯೆ ಕಲಿಸಲು ಒಲ್ಲೆನೆಂದ. ತಾನು ಬರೆಯುವುದನ್ನು ನೋಡಲಷ್ಟೇ ಬಿಟ್ಟ. ಹುಡುಗ ನೋಡಿಯೇ ಕಲಿತ! 1870ರಲ್ಲಿ ನಮ್ಮ ಕೊಲ್ಲೂರಿಗೆ ಬಂದು ಮೂಕಾಂಬಿಕೆಗೆ ವ್ರತ ಹಿಡಿದ. ಮರಳುವ ದಾರಿಯಲ್ಲಿ ಕಲ್ಲಿಕೋಟೆಯಲ್ಲಿ ಸಂಭಾವನೆಯ ಮೊದಲ ಕೆಲಸ ಸಿಕ್ಕಿತು. 1873ರಲ್ಲಿ ವಿಯೆನ್ನಾದ ಪ್ರದರ್ಶನದಲ್ಲಿ ಬಹುಮಾನವೂ ಬಂತು.

ರಾಜರ ಗೋಡೆಗೆ ಬರೆದರೆ ರಾಜರೇ ನೋಡಬೇಕು. ಗುಡಿಯೊಳಗೆ ಕಾಲಿಡಲು ಬಿಡದ ಜಾತಿಗಳವರು ಅಂದು ದೇವರ ಮುಖ ಕಾಣುವುದೆಲ್ಲಿ? 1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ಕಲ್ಲಚ್ಚಿನ ಪ್ರೆಸ್ ತೆಗೆದ. ಯಂತ್ರವೂ ಜರ್ಮನಿಯದು, ಕುಶಲಕರ್ಮಿಗಳೂ ಅಲ್ಲಿಯವರೇ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದು ಕೂದಲೆಳೆ ಸರಿದರೂ ದೇವಿಯ ಮೂಗು ಸೊಟ್ಟ. ಆ ಪಟಗಳು ಬಡವರ ಗೋಡೆಗೂ ಬಂದವು. ಕೆಲವರು ಅವಕ್ಕೆ ಜರಿ, ಚಮಕಿ ಅಂಟಿಸಿ ಸೀರೆ ಉಡಿಸಿದರು.

ಅವನ ಲಕ್ಷ್ಮೀ ನೀರಿನ ನಡುವೆ ತಾವರೆಯ ಮೇಲೆ ನಿಂತವಳು. ಕೆಸರಲ್ಲಿ ಹುಟ್ಟಿಯೂ ಕೆಸರು ಹತ್ತದ ಹೂವದು. ಮಗ್ಗುಲಲ್ಲಿ ಮಾಲೆ ಹಿಡಿದ ಆನೆ, ಅಂದರೆ ಮಳೆ, ಬೆಳೆ, ಐಶ್ವರ್ಯ. ನಾಲ್ಕು ಕೈಗಳನ್ನು ಧರ್ಮ, ಅರ್ಥ, ಕಾಮ, ಮೋಕ್ಷ ಎಂದು ತಿಳಿಯುವವರುಂಟು. ಆದರೆ ನಿಂತ ಲಕ್ಷ್ಮೀ ನಡೆದೇ ಹೋಗ್ತಾಳೆ, ಕುಂತ ಲಕ್ಷ್ಮೀನೇ ಕೊಡ್ರಿ ಎಂಬ ವ್ಯಾಪಾರಿಗಳೂ ಇದ್ದಾರೆ.

ರವಿವರ್ಮನ ಪಾಲಿಗೆ ಆಕೆ ನಡೆದೇ ಹೋದಳು ನೋಡ್ರಿ. ಮುಂಬಯಿಗೆ ಪ್ಲೇಗ್ ಬಡಿಯಿತು, ಸಾಲ ಬೆಳೆಯಿತು. ಪ್ರೆಸ್ಸನ್ನು ಲೋನಾವಳಾ ಹತ್ತಿರದ ಮಳವಳಿಗೆ ಸಾಗಿಸಿದರೂ ಏಳಲಿಲ್ಲ. ಕಡೆಗೆ ಅಲ್ಲಿಯ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಚರನಿಗೇ ಮಾರಿಬಿಟ್ಟ. ಚಿತ್ರ ಅವನದು, ಲಾಭ ಇನ್ನೊಬ್ಬನದು. ಅವೇ ದೇವರು ಬೆಂಕಿಪೆಟ್ಟಿಗೆಯ ಮೇಲೂ ಬಂದರು.

ಹೆಗಲಿಗೆ ಹೆಗಲಾಗಿದ್ದ ತಮ್ಮ ರಾಜರಾಜವರ್ಮ 1905ರಲ್ಲಿ ತೀರಿಹೋದ. ಆಮೇಲೂ ರವಿವರ್ಮ ಮೈಸೂರು ಅರಮನೆಗೆ ಒಪ್ಪಿದ್ದ ಒಂಬತ್ತು ಚಿತ್ರಗಳ ಕೆಲಸ ಬಿಡಲಿಲ್ಲ. 1906ರ ಅಕ್ಟೋಬರ್ 2ರಂದು ತೀರಿಕೊಂಡ. ಮಳವಳಿಯ ಪ್ರೆಸ್ 1972ರಲ್ಲಿ ಬೆಂಕಿಗೆ ಆಹುತಿಯಾಯಿತು.